ನೆಲವನ್ನೋದಿದವರು

ಕೋಲಾರದ ಪಡುವಣಕ್ಕೆ ನಿಂತಿರುವ ಶತಶೃಂಗ ಪರ್ವತವನ್ನು, ಅಂತರಗಂಗೆಯ ಬಸವನ ಬಾಯಿಂದ ಬೀಳುವ ನೀರನ್ನು ಕುಡಿದು ದಣಿವಾರಿಸಿಕೊಂಡು, ಬಂಡೆಯಿಂದ ಬಂಡೆಗೆ ಕಾಲೂರಿ ಏರಿ ನಿಂತವರಿಗೆ, ಈ ಸೀಮೆಯ ಭೂಮಿಯೆಲ್ಲ ಬಿಚ್ಚಿಟ್ಟ ಓಲೆಗರಿಯ ಕಟ್ಟಿನಂತೆ ಕಣ್ಣೆದುರಿಗೆ ಹರಡಿಕೊಳ್ಳುವುದು. ಮೂಡಲಿಗೆ ಮುಳಬಾಗಿಲಿನ ಗುಡ್ಡಗಳು, ಅವುಗಳಾಚೆ ಘಟ್ಟದ ಇಳಿಜಾರು. ಈಶಾನ್ಯದ ಕಡೆಗೆ ಮಾವಿನ ತೋಪುಗಳಿಂದ ಹಸುರಾದ ಶ್ರೀನಿವಾಸಪುರದ ನೆಲ. ನೈಋತ್ಯದಲ್ಲಿ ಮಾಲೂರಿನ ಕೆಮ್ಮಣ್ಣಿನ ಬಯಲು, ಟೇಕಲ್ಲಿನ ಕಲ್ಲುಗುಡ್ಡಗಳು. ಇವುಗಳ ನಡುನಡುವೆ, ನೀರಿದ್ದಾಗ ಕನ್ನಡಿಯಂತೆ ಹೊಳೆಯುತ್ತ, ನೀರಿಲ್ಲದಾಗ ಬೂದುಬಣ್ಣದ ಬಟ್ಟಲುಗಳಂತೆ ಬಾಯ್ದೆರೆದು, ಲೆಕ್ಕವಿಡಲಾಗದಷ್ಟು ಕೆರೆಗಳು. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಈ ನಾಡಿನಲ್ಲಿ ಮನುಷ್ಯನು ಸಾವಿರಾರು ವರ್ಷ ಬಾಳಿ ಬದುಕಿ, ಗಂಗರ ಕಾಲದ ಕುವಳಾಲಪುರದಂತಹ ರಾಜಧಾನಿಯನ್ನು ಕಟ್ಟಿದುದು ಹೇಗೆಂದು ವಿಚಾರಿಸುತ್ತ ಹೋದರೆ, ಕಡೆಗೆ ಉಳಿಯುವ ಉತ್ತರ ಒಂದೇ: ಇಲ್ಲಿಯವರು ನೆಲವನ್ನು ಓದಬಲ್ಲವರಾಗಿದ್ದರು.

ಆ ವಿದ್ಯೆಯ ಚರಿತ್ರೆಯಲ್ಲಿ ಒಂದು ಅಧ್ಯಾಯವನ್ನು ಇಲ್ಲಿ ನಿರೂಪಿಸಬೇಕೆಂಬುದು ನನ್ನ ಅಪೇಕ್ಷೆ. ಅದರ ಆರಂಭ ನಮ್ಮ ಮೂಡಣ ಎಲ್ಲೆಯಲ್ಲಿ, 1802ನೆಯ ಇಸವಿಯಲ್ಲಿ; ಅದರ ಒಂದು ಕವಲು, ಯಾರೂ ಎಣಿಸದ ರೀತಿಯಲ್ಲಿ, ಸ್ವಿಟ್ಜರ್ಲೆಂಡಿನ ಕಾಡುಗಳಲ್ಲಿ ಭೂಪಟವನ್ನು ಕೈಯಲ್ಲಿ ಹಿಡಿದು ಓಡಿದ ಒಬ್ಬ ಹೆಣ್ಣುಮಗಳ ಕಡೆಗೆ ನಮ್ಮನ್ನು ಕರೆದೊಯ್ಯುವುದು.

1799ನೆಯ ಇಸವಿಯ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದು ಟೀಪುಸುಲ್ತಾನನು ಮಡಿದ ಮೇಲೆ, ಈಸ್ಟ್ ಇಂಡಿಯಾ ಕಂಪನಿಯವರೂ ಹೈದರಾಬಾದಿನ ನಿಜಾಮನೂ ಅವನ ರಾಜ್ಯದ ಅಂಚುಗಳನ್ನು ತಮ್ಮತಮ್ಮಲ್ಲಿ ಹಂಚಿಕೊಂಡು, ನಡುವಣ ಭಾಗವನ್ನು ಮೈಸೂರಿನ ಹಳೆಯ ರಾಜವಂಶಕ್ಕೆ ಹಿಂದಿರುಗಿಸಿದರು. ಇನ್ನೂ ಬಾಲಕರಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು, ಪೂರ್ಣಯ್ಯನವರು ದಿವಾನರಾದರು. ಪಾಪನಪಲ್ಲಿ ಎಂಬ ಹೆಸರಿನ ಊರು ಶ್ರೀನಿವಾಸಪುರವಾದುದು ಈ ಪೂರ್ಣಯ್ಯನವರ ಕಾಲದಲ್ಲಿಯೇ. ರಾಜ್ಯವನ್ನು ಕಾಗದದ ಮೇಲೆ ಹಂಚಿದುದೇನೋ ಆಯಿತು. ಆದರೆ ಯಾವ ಗುಡ್ಡದ ಯಾವ ಮಗ್ಗುಲು ಮೈಸೂರಿನದು, ಯಾವ ಹಳ್ಳದ ಆಚೆಯ ದಡ ಕಂಪನಿಯದು, ಎರಡು ಊರುಗಳ ದನ ಮೇಯುವ ಗೋಮಾಳದ ನಡುವೆ ಎಲ್ಲೆಯ ಕಲ್ಲನ್ನು ಎಲ್ಲಿ ನೆಡತಕ್ಕದ್ದು ಎಂಬುದನ್ನು ಸ್ಥಳದಲ್ಲಿಯೇ ನಿಂತು, ನಡೆದು, ಅಳೆದು ತೀರ್ಮಾನಿಸಬೇಕಾಗಿದ್ದಿತು. ಮೂಡಣ ಗಡಿ ಎಂಬ ಪರಿಕಲ್ಪನೆ ಈ ಸೀಮೆಗೆ ಹೊಸದಲ್ಲ. ಹೊಯ್ಸಳರ ಶಾಸನಗಳು ವಿಷ್ಣುವರ್ಧನನ ರಾಜ್ಯದ ಪೂರ್ವದಿಕ್ಕಿನ ಮೇರೆಯೆಂದು ಹೆಸರಿಸುವ ನಂಗಲಿ ಇಂದಿಗೂ ಮುಳಬಾಗಿಲು ತಾಲ್ಲೂಕಿನ ಅಂಚಿನಲ್ಲಿ ಅದೇ ಹೆಸರಿನಿಂದ ಇದೆ. ಮುಳಬಾಗಿಲೆಂಬ ಹೆಸರು ತಾನೂ ಮೂಡಲ ಬಾಗಿಲೆಂಬುದರಿಂದಲೇ ಬಂದುದೆನ್ನುವರು. ಹೊಸದಾಗಿದ್ದುದು ಅಳತೆಯ ಕ್ರಮ.

ಮೈಸೂರು ಸೀಮೆಯ ಮೋಜಣಿಯ ಹೊಣೆಯನ್ನು ಕಂಪನಿಯು ಕಾಲಿನ್ ಮೆಕೆಂಜಿಯೆಂಬ ಸ್ಕಾಟ್ಲೆಂಡಿನ ಅಧಿಕಾರಿಗೆ ವಹಿಸಿತು. ಆತನು ಭೂಮಿಯನ್ನು ಅಳೆಯುವುದರಲ್ಲಿ ಮಾತ್ರವೇ ತೃಪ್ತನಾಗದೆ, ಕಾವಲಿ ವೆಂಕಟ ಬೋರಯ್ಯನವರಂತಹ ವಿದ್ವಾಂಸರನ್ನು ಜೊತೆಗಿಟ್ಟುಕೊಂಡು ಶಾಸನಗಳನ್ನೂ ಕಡತಗಳನ್ನೂ ಸ್ಥಳಪುರಾಣಗಳನ್ನೂ ಸಂಗ್ರಹಿಸಿದವನು. ಹೆಚ್ಚುಕಡಿಮೆ ಅದೇ ಸಮಯದಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಇನ್ನೊಬ್ಬ ಸೇನಾಧಿಕಾರಿ ಬೆಂಗಳೂರಿನ ಬಳಿಯ ಬಯಲಿನಲ್ಲಿ, 1800ನೆಯ ಇಸವಿಯ ಕಡೆಯ ತಿಂಗಳುಗಳಲ್ಲಿ, ಸುಮಾರು ಏಳೂವರೆ ಮೈಲಿ ಉದ್ದದ ಒಂದು ಸರಳರೇಖೆಯನ್ನು ನಂಬಲಸಾಧ್ಯವಾದ ತಾಳ್ಮೆಯಿಂದ ಅಳೆಯತೊಡಗಿದ್ದನು. ಅದಕ್ಕೆ ಬಳಸಿದ ಉಕ್ಕಿನ ಸರಪಳಿ ನೂರು ಅಡಿ ಉದ್ದದ್ದು, ಎರಡೂವರೆ ಅಡಿಯ ನಲವತ್ತು ಕೊಂಡಿಗಳುಳ್ಳದ್ದು. ಚೀನಾದ ಚಕ್ರವರ್ತಿಗೆ ಕಾಣಿಕೆಯಾಗಿ ಹೊರಟು, ಅಲ್ಲಿ ಸ್ವೀಕೃತವಾಗದೆ, ಕೈಯಿಂದ ಕೈಗೆ ದಾಟಿ ನಮ್ಮ ನಾಡಿಗೆ ಬಂದುದು. ಬಿಸಿಲೇರಿದಂತೆ ಉಕ್ಕು ಹಿಗ್ಗುವುದೆಂದು ಸರಪಳಿಯ ಪಕ್ಕದಲ್ಲಿಯೇ ಉಷ್ಣಮಾಪಕಗಳನ್ನಿಟ್ಟು, ಪ್ರತಿ ಅಳತೆಯನ್ನೂ ಆ ಹಿಗ್ಗುವಿಕೆಗೆ ತಕ್ಕಂತೆ ತಿದ್ದುತ್ತಿದ್ದರು.

ಒಂದು ಸರಳರೇಖೆಗಾಗಿ ಇಷ್ಟು ಪ್ರಯಾಸವೇಕೆಂದರೆ, ರೇಖಾಗಣಿತದ ಒಂದು ಸಾಮಾನ್ಯ ಸತ್ಯವೇ ಅದಕ್ಕೆ ಕಾರಣ. ತ್ರಿಕೋಣದ ಒಂದು ಭುಜವೂ ಅದರ ಎರಡು ತುದಿಗಳ ಕೋನಗಳೂ ತಿಳಿದುವಾದರೆ ಉಳಿದೆರಡು ಭುಜಗಳನ್ನು ಅಳೆಯದೆಯೇ ಲೆಕ್ಕದಿಂದ ಪಡೆಯಬಹುದು. ನೆಲದ ಮೇಲೆ ಒಂದು ರೇಖೆಯನ್ನು ನಿಷ್ಕೃಷ್ಟವಾಗಿ ಅಳೆದು, ಅದರ ಎರಡು ತುದಿಗಳಿಂದ ದೂರದ ಬೆಟ್ಟದ ಶಿಖರವನ್ನು ಥಿಯೋಡೊಲೈಟ್ ಯಂತ್ರದ ದುರ್ಬೀನಿನಲ್ಲಿ ನೋಡಿ ಕೋನವನ್ನು ಗುರುತಿಸಿಕೊಂಡರೆ, ಆ ಶಿಖರದ ದೂರ ಸಿದ್ಧಿಸುವುದು. ಆ ದೂರವೇ ಮುಂದಿನ ತ್ರಿಕೋಣಕ್ಕೆ ತಳಹದಿಯಾಗುವುದು. ಹೀಗೆ ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋಣಗಳ ಸರವನ್ನು ಹೆಣೆಯುತ್ತ ಲ್ಯಾಂಬ್ಟನ್ನನು ಮದರಾಸಿನ ಕಡಲಿನಿಂದ ಮೈಸೂರಿನ ಪ್ರಸ್ಥಭೂಮಿಯನ್ನು ಹತ್ತಿ ಮಂಗಳೂರಿನ ಕಡಲವರೆಗೆ ಹೋದಾಗ, ಅಂದಿನ ಭೂಪಟಗಳಲ್ಲಿ 400 ಮೈಲಿಯೆಂದು ತೋರಿಸಿದ್ದ ಪರ್ಯಾಯದ್ವೀಪದ ಅಗಲ ವಾಸ್ತವದಲ್ಲಿ 360 ಮೈಲಿಯಷ್ಟೇ ಎಂದು ತೇಲಿತು. ಅಸ್ತಿತ್ವದಲ್ಲೇ ಇಲ್ಲದ ನಲವತ್ತು ಮೈಲಿ ನೆಲವನ್ನು ಅದುವರೆಗೂ ಎಲ್ಲರೂ ನಿಜವೆಂದು ನಂಬಿದ್ದರು.

ಲ್ಯಾಂಬ್ಟನ್ನನಿಗೆ ನೆರವಾದವರಲ್ಲಿ ಜಾನ್ ವಾರನ್ ಎಂಬ ಲೆಫ್ಟಿನೆಂಟನೊಬ್ಬನಿದ್ದನು. ಕೋಲಾರದ ಹೆಸರನ್ನು ಲೋಕದ ಕಿವಿಗೆ ಮುಟ್ಟಿಸಿದವನು ಈತನೇ. ಈತನ ಪೂರ್ವಜರು ಐರ್ಲೆಂಡಿನಿಂದ ಬಂದು ಫ್ರಾನ್ಸಿನಲ್ಲಿ ನೆಲಸಿದವರು. ಈತನು 1769ರಲ್ಲಿ ಹುಟ್ಟಿದುದು ಇಟಲಿಯ ಲಿವೋರ್ನೊ ರೇವಿನಲ್ಲಿ. ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ ಭಾರತಕ್ಕೆ ಬಂದು, ಇಂಗ್ಲಿಷರ 33ನೆಯ ರೆಜಿಮೆಂಟನ್ನು ಸೇರಿ, ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಹೋರಾಡಿದವನು. ತನ್ನದೆಂದು ಹೇಳಿಕೊಳ್ಳಲು ನಿಶ್ಚಿತವಾದ ನೆಲವೊಂದಿಲ್ಲದೆ ಮೂರು ನಾಡುಗಳ ನಡುವೆ ಬೆಳೆದ ಮನುಷ್ಯನ ಪಾಲಿಗೆ, ಮತ್ತೊಂದು ನಾಡಿನ ಎಲ್ಲೆಯನ್ನು ಗೊತ್ತುಮಾಡುವ ಕಾರ್ಯ ಬಂದೊದಗಿತು. ಮೋಜಣಿಯ ಕೆಲಸವೆಂದರೆ ಯಂತ್ರವನ್ನು ಹೊತ್ತ ಆಳುಗಳು, ಸರಪಳಿ ಹಿಡಿಯುವವರು, ಬಾವುಟದವರು, ಊರಿಂದೂರಿಗೆ ದಾರಿ ತೋರುವ ತಳವಾರ ತೋಟಿಗಳು, ಎಲ್ಲೆಯ ಕುರುಹುಗಳನ್ನು ನೆನಪಿನಲ್ಲಿಟ್ಟುಕೊಂಡ ಪಟೇಲ ಶಾನುಭೋಗರು, ಇವರೆಲ್ಲರೂ ಕೂಡಿದರೆ ಮಾತ್ರ ಸಾಗತಕ್ಕದ್ದು. ಯಂತ್ರವು ಕೋನವನ್ನು ಹೇಳಬಲ್ಲುದು. ಈ ಹುಣಸೆಯ ಮರದ ಬುಡದಲ್ಲಿಯೇ ಹಿಂದಿನವರು ಗಡಿಯ ಕಲ್ಲನ್ನು ಹೂತಿದ್ದರೆಂಬುದನ್ನು ಹೇಳತಕ್ಕವನು ಆ ಊರಿನ ಮುದುಕನೇ. ಕನ್ನಡ ತೆಲುಗುಗಳೆರಡೂ ಒಂದೇ ಮನೆಯಲ್ಲಿ ಆಡಿಕೊಳ್ಳುವ ಈ ಮೂಡಣ ಸೀಮೆಯಲ್ಲಿ ವಾರನ್ನನ ಭೂಪಟವು ಇಂತಹ ಹೆಸರಿಲ್ಲದ ಮುದುಕರ ನೆನಪಿನಿಂದಲೇ ಅರ್ಧ ತುಂಬಿದುದೆಂದು ನಾನು ಭಾವಿಸುತ್ತೇನೆ.

ಹೀಗೆ ಗಡಿಯ ಕೆಲಸದಲ್ಲಿದ್ದಾಗ, ಬೂದಿಕೋಟೆಗೆ ಮೂಡಲಲ್ಲಿ ಕೆಲವು ಮೈಲಿಗಳ ದೂರದ ಮಣ್ಣಿನಲ್ಲಿ ಚಿನ್ನವಿದೆಯೆಂಬ ಗಾಳಿಮಾತು ಅವನ ಕಿವಿಗೆ ಬಿದ್ದಿತು. ಇತರರಾಗಿದ್ದರೆ ಹಳ್ಳಿಗರ ಕಟ್ಟುಕಥೆಯೆಂದು ನಕ್ಕು ಮುಂದೆ ಸಾಗುತ್ತಿದ್ದರೋ ಏನೋ; ವಾರನ್ನನಾದರೋ ಅಳತೆಯ ಶಿಸ್ತಿನಲ್ಲಿ ಪಳಗಿದವನಾಗಿದ್ದುದರಿಂದ, ಯಾವ ಮಾತನ್ನಾದರೂ ಪರೀಕ್ಷಿಸದೆ ಒಪ್ಪಲಾರದಂತೆಯೇ ಪರೀಕ್ಷಿಸದೆ ತಳ್ಳಿಬಿಡಲೂ ಆರದವನಾಗಿದ್ದನು. ಚಿನ್ನವನ್ನು ತೋರಿಸಿದವರಿಗೆ ಬಹುಮಾನ ಕೊಡುವೆನೆಂದು ಸಾರಿಸಿದನು. ಊರಿಗಾಂವಿನ ಗ್ರಾಮಸ್ಥರು ಎತ್ತಿನ ಗಾಡಿಗಳಲ್ಲಿ ಮಣ್ಣನ್ನು ಹೇರಿಕೊಂಡು ಬಂದು, ಅವನ ಕಣ್ಣೆದುರಿಗೇ ಅದನ್ನು ನೀರಿನಲ್ಲಿ ಜಾಲಿಸಿದಾಗ, ಮಣ್ಣೆಲ್ಲ ಕರಗಿ ಹರಿದುಹೋದ ಮೇಲೆ ತಳದಲ್ಲಿ ಪುಡಿಚಿನ್ನದ ಕಣಗಳು ಮಿನುಗಿದುವು.

ಅಲ್ಲಿಂದ ಮಾರಿಕುಪ್ಪಕ್ಕೆ ಹೋದ ವಾರನ್ನನು, ನಮ್ಮ ಜನ ಯಾವ ಕಾಲದಿಂದಲೋ ತೋಡಿಕೊಂಡು ಬಂದಿದ್ದ ಗಣಿಗಳನ್ನೂ ಕಂಡನು; ಒಂದು 30 ಅಡಿ ಆಳದ್ದು, ಇನ್ನೊಂದು 45 ಅಡಿ ಆಳದ್ದು. ಆ ಇಕ್ಕಟ್ಟಾದ ಕತ್ತಲೆಯೊಳಕ್ಕೆ ಇಳಿದ ಗಂಡಸರು ಕಲ್ಲನ್ನು ಒಡೆದು, ಕುಕ್ಕೆಗಳಲ್ಲಿ ತುಂಬಿ, ಕೈಯಿಂದ ಕೈಗೆ ದಾಟಿಸಿ ಮೇಲಕ್ಕೆ ಕಳುಹಿಸುತ್ತಿದ್ದರು. ಮೇಲೆ ಹೆಂಗಸರು ಅದನ್ನು ಹಾಸುಬಂಡೆಯ ಮೇಲೆ ಕುಟ್ಟಿ ಹಿಟ್ಟಿನಂತೆ ಪುಡಿಮಾಡಿ, ಬಾವಿಯ ಬಳಿಗೆ ಒಯ್ದು ಜಾಲಿಸಿ ಚಿನ್ನವನ್ನು ಬೇರ್ಪಡಿಸುತ್ತಿದ್ದರು. ಇಷ್ಟೆಲ್ಲ ದುಡಿತಕ್ಕೆ ಅವರಿಗೆ ದಕ್ಕುತ್ತಿದ್ದುದು ಹೊಟ್ಟೆ ಹೊರೆಯುವುದಕ್ಕೆ ಸಾಲುವಷ್ಟು ಮಾತ್ರ. ಚಿನ್ನದ ಇರವನ್ನು ಕಂಡುಹಿಡಿದವನು ವಾರನ್ನನೆಂದು ಪುಸ್ತಕಗಳು ಬರೆಯುತ್ತವೆ. ಅದನ್ನು ಕಂಡವರು ಊರಿಗಾಂವು ಮಾರಿಕುಪ್ಪಗಳ ಆ ಜಾಲಗಾರರು. ವಾರನ್ನನ ಸಾಧನೆ ಅವರ ಅರಿವನ್ನು ಅಳೆದು, ಬರೆದು, ಭೂಪಟದ ಮೇಲೆ ಒಂದು ಸ್ಥಾನವನ್ನು ಕೊಟ್ಟುದು. ಆ ಸಾಧನೆ ಅಲ್ಪವಾದುದಲ್ಲ. ಆದರೆ ಅದು ಎರಡನೆಯದು.

ವಾರನ್ನನ ಮುಂದಿನ ಬಾಳನ್ನು ನೆನೆದರೆ ಈತನು ಕೇವಲ ಚಿನ್ನಕ್ಕಾಗಿ ನೆಲವನ್ನು ನೋಡಿದವನಲ್ಲವೆಂಬುದು ಸ್ಪಷ್ಟವಾಗುವುದು. 1805ರಿಂದ ಕೆಲವು ವರ್ಷ ಮದರಾಸಿನ ಖಗೋಲ ವೀಕ್ಷಣಾಲಯವನ್ನು ನೋಡಿಕೊಂಡು, ಅದರ ರೇಖಾಂಶವನ್ನು ಹೊಸದಾಗಿ ಗಣಿಸಿ, ಧೂಮಕೇತುಗಳನ್ನು ವೀಕ್ಷಿಸಿದನು. ದಕ್ಷಿಣದೇಶದ ಪಂಚಾಂಗಕರ್ತರು ಕಾಲವನ್ನು ಲೆಕ್ಕಿಸುವ ವಿಧಾನಗಳನ್ನು ಅಭ್ಯಾಸಮಾಡಿ 1825ರಲ್ಲಿ 'ಕಾಲ ಸಂಕಲಿತ'ವೆಂಬ ಗ್ರಂಥವನ್ನು ಹೊರತಂದನು. 1830ರಲ್ಲಿ ಪುದುಚೇರಿಯಲ್ಲಿ ತೀರಿಕೊಂಡನು. ಭೂಮಿಯನ್ನೂ ಆಕಾಶವನ್ನೂ ಕಾಲವನ್ನೂ ಒಂದೇ ಶ್ರದ್ಧೆಯಿಂದ ಅಳೆದ ಈತನ ಬರಹಗಳಲ್ಲಿ ಲೋಕವು ಹಿಡಿದುಕೊಂಡುದು ಚಿನ್ನದ ವರದಿಯೊಂದನ್ನೇ. 1871ರಲ್ಲಿ, ನ್ಯೂಜಿಲೆಂಡಿನ ಯುದ್ಧದಿಂದ ಮರಳಿ ಬೆಂಗಳೂರಿನ ದಂಡಿನಲ್ಲಿ ನೆಲಸಿದ್ದ ಮೈಕೇಲ್ ಲವೆಲ್ ಎಂಬ ಐರಿಷ್ ಸಿಪಾಯಿ, ಅದಾಗಲೇ ಅರುವತ್ತು ವರ್ಷಗಳಿಗೂ ಹಳೆಯದಾಗಿದ್ದ ಆ ವರದಿಯನ್ನೋದಿ, ಎತ್ತಿನ ಗಾಡಿಯಲ್ಲಿ ಕೋಲಾರದ ಕಡೆಗೆ ಹೊರಟನು. 1875ರಲ್ಲಿ ಅವನಿಗೆ ಮೈಸೂರು ಸರ್ಕಾರದ ಪರವಾನಗಿ ದೊರೆಯಿತು. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದಿತು. ಆ ದಶಕದಲ್ಲಿ 'ಚಾಂಪಿಯನ್' ಎಂದು ಹೆಸರಿಟ್ಟ ಚಿನ್ನದ ಎಳೆ ದೊರೆಯಿತು. ವಾರನ್ನನು ಬಂದುಹೋದ ಸರಿಯಾಗಿ ನೂರು ವರ್ಷಕ್ಕೆ, 1902ರಲ್ಲಿ, ಶಿವನಸಮುದ್ರದ ಕಾವೇರಿಯ ವಿದ್ಯುತ್ತು 92 ಮೈಲಿಗಳನ್ನು ದಾಟಿ ಗಣಿಗಳಿಗೆ ಬಂದಿತು. 45 ಅಡಿಯಲ್ಲಿದ್ದ ಗಣಿ 10,000 ಅಡಿಯನ್ನೂ ಮೀರಿ ಇಳಿಯಿತು. ಕಡೆಗೆ 2001ರ ಫೆಬ್ರವರಿ 28ರಂದು ಗಣಿಗಾರಿಕೆ ನಿಂತುಹೋಗಿ, ಸಯನೈಡಿನ ಮಣ್ಣಿನ ಬಿಳಿಯ ದಿಬ್ಬಗಳು ಮಾತ್ರ ಗುಡ್ಡಗಳ ಸಾಲಿನಲ್ಲಿ ತಾವೂ ಗುಡ್ಡಗಳೆಂಬಂತೆ ನಿಂತುವು. ನೆಲವನ್ನು ಒಂದೇ ಒಂದು ಪ್ರಶ್ನೆಯನ್ನು ಕೇಳಿದ ಯುಗಕ್ಕೆ, ನೆಲವು ಆ ಒಂದು ಪ್ರಶ್ನೆಗೆ ಮಾತ್ರ ಉತ್ತರಕೊಟ್ಟು ಸುಮ್ಮನಾಯಿತು.

ಇದೇ ಭೂಮಾಪನ ವಿದ್ಯೆಯು ಯೂರೋಪಿನಲ್ಲಿ ತಳೆದ ಮತ್ತೊಂದು ರೂಪವನ್ನು ಇದರ ಪಕ್ಕದಲ್ಲಿಟ್ಟು ನೋಡತಕ್ಕದ್ದು. ನಮ್ಮ ಸೀಮೆಯನ್ನು ಲ್ಯಾಂಬ್ಟನ್ನನು ತ್ರಿಕೋಣಗಳಿಂದ ಹೆಣೆದ ಒಂದು ತಲೆಮಾರಿನ ತರುವಾಯ, ಸ್ವಿಟ್ಜರ್ಲೆಂಡಿನಲ್ಲಿ ಗಿಯೋಮ್ ಆಂರಿ ದ್ಯುಫೂರ್ ಎಂಬ ಸೇನಾನಿ ಅದೇ ಕ್ರಮದಿಂದ ಆಲ್ಪ್ಸ್ ಪರ್ವತದ ಇಡೀ ನಾಡನ್ನು ಅಳೆಸಿ, 1845ರಿಂದ ಇಪ್ಪತ್ತು ವರ್ಷಗಳ ಅವಧಿಯಲ್ಲಿ ಇಪ್ಪತ್ತೈದು ಹಾಳೆಗಳ ಭೂಪಟವನ್ನು ಪ್ರಕಟಿಸಿದನು. ಶೃಂಗ ಕಂದರಗಳಿಂದ ಬಿರುಸಾದ ಆ ದೇಶದಲ್ಲಿ ಭೂಪಟವನ್ನೋದುವುದು ಕುರುಬನಿಗೂ ಸಿಪಾಯಿಗೂ ಶಾಲೆಯ ಮಗುವಿಗೂ ನಿತ್ಯದ ಬದುಕಿನ ಭಾಗವಾಯಿತು. ಇತ್ತ ಉತ್ತರದ ಸ್ವೀಡನ್ ನಾರ್ವೆಗಳಲ್ಲಿ, ಅಪರಿಚಿತವಾದ ಕಾಡನ್ನು ಭೂಪಟ ದಿಕ್ಸೂಚಿಗಳ ನೆರವಿನಿಂದ ದಾಟುವ ಸೈನಿಕ ಶಿಕ್ಷಣಕ್ಕೆ ಓರಿಯಂಟೀರಿಂಗ್ ಎಂಬ ಹೆಸರು ಬಂದಿದ್ದಿತು. ಆ ಶಿಕ್ಷಣವು 1897ರ ಅಕ್ಟೋಬರ್ 31ರಂದು ಇಂದಿನ ಓಸ್ಲೋ ನಗರದ ಹತ್ತಿರ ಎಂಟು ಜನ ಓಟಗಾರರ ಒಂದು ಸಾರ್ವಜನಿಕ ಸ್ಪರ್ಧೆಯಾಯಿತು. 1919ರಲ್ಲಿ ಮೇಜರ್ ಅರ್ನ್‌ಸ್ಟ್ ಕಿಲ್ಲಾಂಡರ್ ಸ್ಟಾಕ್‌ಹೋಮಿನ ಬಳಿ ಏರ್ಪಡಿಸಿದ ಪಂದ್ಯಕ್ಕೆ ಇನ್ನೂರಕ್ಕೂ ಮಿಗಿಲಾದ ತರುಣರು ಬಂದರು. 1961ರಲ್ಲಿ ಸ್ವಿಟ್ಜರ್ಲೆಂಡೂ ಸೇರಿದಂತೆ ಹತ್ತು ದೇಶಗಳು ಕೂಡಿ ಅಂತರರಾಷ್ಟ್ರೀಯ ಒಕ್ಕೂಟವನ್ನು ಸ್ಥಾಪಿಸಿದುವು. 1966ರಲ್ಲಿ ಫಿನ್ಲೆಂಡಿನ ಫಿಸ್ಕರ್ಸಿನಲ್ಲಿ ಮೊದಲನೆಯ ವಿಶ್ವ ಚಾಂಪಿಯನ್ ಪಂದ್ಯ ನಡೆಯಿತು.

ಈ ಆಟದ ಸ್ವರೂಪವನ್ನು ನಮ್ಮ ಅಂತರಗಂಗೆಯ ಬೆಟ್ಟದ ಮೇಲೆಯೇ ಕಲ್ಪಿಸಿಕೊಳ್ಳುವುದು ಸುಲಭ. ಬಂಡೆಗಳ ಸಂದಿಯಲ್ಲಿ, ಒಂಟಿ ಗುಂಡಿನ ಹಿಂದೆ, ಒಣಗಿದ ಹಳ್ಳದ ತಿರುವಿನಲ್ಲಿ, ಹೀಗೆ ಹತ್ತಾರು ಕಡೆ ಬಿಳಿ ಕೇಸರಿ ಬಣ್ಣಗಳ ಗುರುತುಗಳನ್ನು ತೂಗುಹಾಕಿರುವರು. ಓಟಗಾರನು ಹೊರಡುವ ಗಳಿಗೆಯಲ್ಲಿ ಮಾತ್ರ ಅವನ ಕೈಗೆ ಭೂಪಟ ಬರುವುದು. ಅದರಲ್ಲಿ ಕಂದುಬಣ್ಣದ ಗೆರೆಗಳು ನೆಲದ ಏರಿಳಿತವನ್ನೂ, ಕಪ್ಪು ಚುಕ್ಕೆಗಳು ಬಂಡೆಗಳನ್ನೂ, ನೀಲಿ ನೀರನ್ನೂ, ಹಸುರಿನ ಗಾಢತೆ ಪೊದೆಗಳ ದಟ್ಟಣೆಯನ್ನೂ ತಿಳಿಸುವುವು. ಸರಾಗವಾಗಿ ಓಡಬಹುದಾದ ಕಾಡನ್ನು ಬಿಳಿಯಾಗಿಯೇ ಬಿಟ್ಟಿರುವರು. ಗುರುತಿನಿಂದ ಗುರುತಿಗೆ ಗೊತ್ತಾದ ಅನುಕ್ರಮದಲ್ಲಿ ಹೋಗತಕ್ಕದ್ದು. ನಡುವಣ ದಾರಿ ಮಾತ್ರ ಅವರವರ ವಿವೇಚನೆಗೆ ಬಿಟ್ಟದ್ದು. ಗುಡ್ಡವನ್ನು ನೆಟ್ಟಗೆ ಹತ್ತಿ ಇಳಿಯುವುದು ಮೇಲೋ, ಮಗ್ಗುಲಲ್ಲಿ ಬಳಸಿ ಓಡುವುದು ಮೇಲೋ ಎಂಬುದನ್ನು ಏದುಸಿರಿನ ನಡುವೆ, ಕಾಲು ನಿಲ್ಲಿಸದೆ, ಕ್ಷಣಾರ್ಧದಲ್ಲಿ ನಿರ್ಣಯಿಸಬೇಕು. ಕಾಲು ಎಷ್ಟೇ ಬಲಿಷ್ಠವಾಗಿದ್ದರೂ ಭೂಪಟವನ್ನು ತಪ್ಪಾಗಿ ಓದಿದವನು ತನ್ನ ವೇಗದಿಂದಲೇ ಗುರಿಯಿಂದ ದೂರವಾಗುವನು.

ಈ ವಿದ್ಯೆಯಲ್ಲಿ ಸ್ವಿಟ್ಜರ್ಲೆಂಡಿನ ಸಿಮೋನ್ ನಿಗ್ಲಿ ಲೂಡರ್ ಮುಟ್ಟಿದ ಎತ್ತರವನ್ನು ಚರಿತ್ರೆ ಮರೆಯಲಾರದು. ಆಕೆ 1978ರ ಜನವರಿ 9ರಂದು ಬರ್ನ್ ಪ್ರಾಂತದ ಬುರ್ಗ್‌ಡೋರ್ಫಿನಲ್ಲಿ ಹುಟ್ಟಿದಳು, ಜೀವಶಾಸ್ತ್ರವನ್ನು ಅಭ್ಯಾಸಮಾಡಿದಳು. 2001ರಲ್ಲಿ ಫಿನ್ಲೆಂಡಿನ ಟಾಂಪೆರೆಯಲ್ಲಿ, ದೀರ್ಘ ದೂರದ ಓಟದಲ್ಲಿ, ತನ್ನ ಮೊದಲನೆಯ ವಿಶ್ವ ಚಾಂಪಿಯನ್ ಪದವಿಯನ್ನು ಗಳಿಸಿದಾಗ ಆಕೆಗೆ ಇಪ್ಪತ್ತಮೂರು ವರ್ಷ. ಓರಿಯಂಟೀರಿಂಗಿನ ತೌರುಮನೆಗಳೆನಿಸಿದ ಉತ್ತರದ ನಾಡುಗಳ ಓಟಗಾರರನ್ನು ಅವರದೇ ಕಾಡಿನಲ್ಲಿ, ಅವರು ಮಕ್ಕಳಾದಂದಿನಿಂದ ಬಲ್ಲ ಜೌಗು ಬಂಡೆಗಳ ನೆಲದಲ್ಲಿ, ಪರದೇಶದವಳೊಬ್ಬಳು ಮೀರಿಸಿದುದು ಸಾಮಾನ್ಯವಾದ ಸಂಗತಿಯಲ್ಲ.

ಎರಡು ವರ್ಷಗಳ ಅನಂತರ, 2003ರಲ್ಲಿ, ವಿಶ್ವ ಚಾಂಪಿಯನ್ ಪಂದ್ಯಗಳು ಆಕೆಯ ಸ್ವದೇಶದ ರಾಪರ್ಸ್‌ವಿಲ್ ಯೋನಾ ಎಂಬಲ್ಲಿಗೆ ಬಂದುವು. ಕಿರುದೂರ, ಮಧ್ಯಮ ದೂರ, ದೀರ್ಘ ದೂರ, ರಿಲೇ ಎಂಬ ನಾಲ್ಕು ಪಂದ್ಯಗಳಲ್ಲಿ ಒಂದೊಂದೂ ಬೇರೆಯೇ ಸಾಮರ್ಥ್ಯವನ್ನು ಬೇಡತಕ್ಕದ್ದು. ಕಿರುದೂರದ ಓಟ ಊರಿನ ಓಣಿಗಳಲ್ಲಿ ಮೆಟ್ಟಿಲು ಮೂಲೆಗಳ ನಡುವೆ ಕೆಲವೇ ನಿಮಿಷಗಳಲ್ಲಿ ಮುಗಿಯುವಂಥದು. ಮಧ್ಯಮ ದೂರವು ಸೂಕ್ಷ್ಮವಾದ ಓದಿನ ಪರೀಕ್ಷೆ. ದೀರ್ಘ ದೂರವು ಗಂಟೆಗೂ ಮಿಗಿಲಾದ ಕಾಲ ದೇಹ ಬುದ್ಧಿಗಳೆರಡನ್ನೂ ದಣಿಸುವಂಥದು. ರಿಲೇಯಲ್ಲಿ ಜೊತೆಯವರ ಭಾಗ್ಯವೂ ತನ್ನ ಹೆಗಲಿನ ಮೇಲಿರುವುದು. ಈ ನಾಲ್ಕರಲ್ಲಿಯೂ ಒಂದೇ ಕೂಟದಲ್ಲಿ ಚಿನ್ನವನ್ನು ಪಡೆದವರು ಅದಕ್ಕೆ ಹಿಂದೆ ಇರಲಿಲ್ಲ. ಸಿಮೋನ್ ಅದನ್ನು ಸಾಧಿಸಿದಳು. 2005ರಲ್ಲಿ ಜಪಾನಿನ ಐಚಿಯಲ್ಲಿ, ತನ್ನ ಕಾಡುಗಳಿಗೆ ಯಾವ ಹೋಲಿಕೆಯೂ ಇಲ್ಲದ ಕಾಡಿನಲ್ಲಿ, ಮತ್ತೆ ನಾಲ್ಕನ್ನೂ ಗೆದ್ದಳು. ಹಿಮದ ಮೇಲೆ ಜಾರುವ ವೀರರನ್ನೂ ಟೆನಿಸ್ಸಿನ ಪ್ರಸಿದ್ಧರನ್ನೂ ಉಳ್ಳ ಅವಳ ದೇಶ, ಕಾಡಿನ ಮರೆಯಲ್ಲಿ ನೋಡುವವರೇ ಇಲ್ಲದೆ ಓಡುವ ಈಕೆಯನ್ನು 2003, 2005, 2007ರಲ್ಲಿ ವರ್ಷದ ಶ್ರೇಷ್ಠ ಕ್ರೀಡಾಪಟುವೆಂದು ಗೌರವಿಸಿತು.

2008ರಲ್ಲಿ ಮಗಳು ಹುಟ್ಟಿದಳು; 2011ರಲ್ಲಿ ಅವಳಿ ಮಕ್ಕಳು ಹುಟ್ಟಿದರು. ಎರಡು ಸಲವೂ ಬಾಣಂತನವನ್ನು ಕಳೆದು ಆಕೆ ಕಾಡಿಗೆ ಮರಳಿದಳು. 2013ರಲ್ಲಿ ಫಿನ್ಲೆಂಡಿನ ವುವೊಕಟ್ಟಿಯಲ್ಲಿ, ಮೂವತ್ತೈದನೆಯ ವಯಸ್ಸಿನಲ್ಲಿ, ಮೂರು ಮಕ್ಕಳ ತಾಯಿಯಾಗಿ, ಒಬ್ಬರೇ ಓಡುವ ಮೂರು ಪಂದ್ಯಗಳನ್ನೂ ಗೆದ್ದು, ಆ ವರ್ಷವೇ ಸ್ಪರ್ಧೆಯಿಂದ ನಿವೃತ್ತಳಾದಳು. ಹದಿಮೂರು ವರ್ಷಗಳಲ್ಲಿ ಆಕೆ ಗಳಿಸಿದ ವಿಶ್ವ ಚಾಂಪಿಯನ್ ಚಿನ್ನದ ಪದಕಗಳು 23.

ಆಕೆಯ ಆಟದಲ್ಲಿ ನನ್ನನ್ನು ತಡೆದು ನಿಲ್ಲಿಸುವ ಸಂಗತಿಯೊಂದಿದೆ. ಈ ಓಟಗಾರರು ಭೂಪಟವನ್ನು ಮಡಿಸಿ, ತಾವು ಈಗ ಇರುವ ಸ್ಥಾನದ ಮೇಲೆ ಹೆಬ್ಬೆರಳನ್ನಿಟ್ಟು, ನೆಲದ ಮೇಲೆ ಕಾಲು ಸರಿದಂತೆಲ್ಲ ಕಾಗದದ ಮೇಲೆ ಬೆರಳನ್ನು ಸರಿಸುತ್ತ ಓಡುವರು. ದೂರದಲ್ಲಿ ಬಂಡೆಯೊಂದು ಕಾಣಿಸುವುದಕ್ಕೆ ಮುನ್ನವೇ ಅಲ್ಲಿ ಬಂಡೆಯಿರಬೇಕೆಂದು ಅವರಿಗೆ ತಿಳಿದಿರುವುದು. ಅದು ಕಾಣಿಸದಿದ್ದರೆ, ಭೂಪಟವನ್ನು ದೂರದೆ ತಮ್ಮ ಓದನ್ನೇ ಸಂಶಯಿಸಿ ತಿದ್ದಿಕೊಳ್ಳಬೇಕು. ನಮ್ಮ ಜಾಲಗಾರರ ಮಾತನ್ನು ವಾರನ್ನನು ನೀರಿನಲ್ಲಿ ಜಾಲಿಸಿಯೇ ಒಪ್ಪಿದುದಕ್ಕೂ ಇದಕ್ಕೂ ಮೂಲದಲ್ಲಿ ವ್ಯತ್ಯಾಸವಿಲ್ಲ. ಆದರೆ ಆಕೆ ನೆಲದಿಂದ ಬಯಸಿದುದು ದಾರಿಯೊಂದನ್ನೇ. ಗೆದ್ದು ಹೊರಟಮೇಲೆ ಆ ಕಾಡು ಮೊದಲಿದ್ದಂತೆಯೇ ಇದ್ದಿತು.

ದಾರಿಯನ್ನೂ ಚಿನ್ನವನ್ನೂ ಬಿಟ್ಟು, ನೆಲವನ್ನು ನೀರಿಗಾಗಿ ಓದಿದವರು ನಮ್ಮಲ್ಲಿದ್ದರು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಕೆರೆಗಳನ್ನು ಕಟ್ಟಿದ ಪುಣ್ಯಾತ್ಮರು ಕಾಗದದ ಭೂಪಟವನ್ನು ಕಂಡವರಲ್ಲ; ಆದರೂ ಒಂದು ಬಯಲಿನ ಮೇಲೆ ಬಿದ್ದ ಮಳೆ ಯಾವ ಮಗ್ಗುಲಿಗೆ ಒರಗುವುದು, ಎರಡು ಗುಡ್ಡಗಳ ನಡುವೆ ಎಲ್ಲಿ ಏರಿಯನ್ನು ಹಾಕಿದರೆ ಅತ್ಯಲ್ಪ ಮಣ್ಣಿನಿಂದ ಅತ್ಯಧಿಕ ನೀರು ನಿಲ್ಲುವುದು, ತೂಬನ್ನು ಯಾವ ಮಟ್ಟದಲ್ಲಿಟ್ಟರೆ ಅಚ್ಚುಕಟ್ಟಿನ ಕಡೆಯ ಗದ್ದೆಗೂ ನೀರು ಮುಟ್ಟುವುದು, ಮೇಲಣ ಕೆರೆಯ ಕೋಡಿ ಬಿದ್ದ ನೀರನ್ನು ಕೆಳಗಣ ಕೆರೆ ಹೇಗೆ ಎದೆಗೊಡ್ಡಿ ತಡೆದುಕೊಳ್ಳಬೇಕು, ಎಂಬಿವನ್ನೆಲ್ಲ ಅವರು ಕಂದುಗೆರೆಗಳ ನೆರವಿಲ್ಲದೆ ನಿರ್ಣಯಿಸಿದರು. ಅದು ಅಕ್ಷರಸ್ಥರ ಶಾಸ್ತ್ರವೂ ಆಗಿತ್ತೆಂಬುದಕ್ಕೆ ನೆರೆಯ ಕಡಪ ಸೀಮೆಯ ಪೊರುಮಾಮಿಳ್ಳದ ಶಾಸನವೇ ಸಾಕ್ಷಿ. ವಿಜಯನಗರದ ರಾಜಕುಮಾರ ಭಾಸ್ಕರನು 1369ರಲ್ಲಿ ಅಲ್ಲಿ ಕೆರೆಯನ್ನು ಕಟ್ಟಿಸಿದಾಗ, ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ಬರುವ ಆರು ದೋಷಗಳನ್ನೂ ಕಲ್ಲಿನಲ್ಲಿ ಕೆತ್ತಿಸಿದನು. ಜಲಶಾಸ್ತ್ರವನ್ನು ಬಲ್ಲ ವಿದ್ವಾಂಸನು ಆ ಹನ್ನೆರಡರಲ್ಲಿ ಒಬ್ಬ. ದಿನವೊಂದಕ್ಕೆ ಸಾವಿರ ಜನ ಆಳುಗಳೂ ನೂರು ಬಂಡಿಗಳೂ ದುಡಿದು ಎರಡು ವರ್ಷಗಳಲ್ಲಿ ಆ ಕೆರೆ ಮುಗಿಯಿತೆಂದೂ ಅದೇ ಶಾಸನ ಹೇಳುವುದು. ಆ ಜ್ಞಾನದ ದಿನನಿತ್ಯದ ವಾರಸುದಾರನಾಗಿ ನಮ್ಮ ಹಳ್ಳಿಗಳಲ್ಲಿ ನೀರಗಂಟಿಯಿದ್ದನು. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಬಿಡತಕ್ಕದ್ದೆಂಬುದು ಅವನ ಮಾತಿನಿಂದಲೇ ನಡೆಯುತ್ತಿದ್ದಿತು.

ಗಣಿಯ ಕಾಲದಲ್ಲಿಯೂ ಆಮೇಲೆ ಕೊಳವೆ ಬಾವಿಗಳ ಕಾಲದಲ್ಲಿಯೂ ನಾವು ನೆಲದ ಮೇಲ್ಮೈಯನ್ನೋದುವುದನ್ನು ಬಿಟ್ಟು, ಆಳವೊಂದನ್ನೇ ನಂಬಿದೆವು. ಚಿನ್ನಕ್ಕೆ ಸಾವಿರಾರು ಅಡಿ ಇಳಿದಂತೆಯೇ ನೀರಿಗೂ ಸಾವಿರ ಅಡಿಯನ್ನು ಮೀರಿ ಕೊರೆದೆವು, ರಾಜಕಾಲುವೆಗಳು ಹೂತುಹೋದುವು, ಏರಿಗಳ ಮೇಲೆ ಜಾಲಿ ಬೆಳೆಯಿತು. 2018ರಿಂದ ಬೆಂಗಳೂರಿನ ಕೋರಮಂಗಲ ಚಲ್ಲಘಟ್ಟ ಕಣಿವೆಯ ಬಳಸಿದ ನೀರನ್ನು ಸಂಸ್ಕರಿಸಿ ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರದ ಕೆರೆಗೆ ತಂದು ಬಿಡುತ್ತಿರುವರು. ಆ ನೀರಿನ ಶುದ್ಧಿಯನ್ನು ಕುರಿತು ಬಲ್ಲವರಲ್ಲಿ ವಾದವಿದೆ. ಅದು ನಡೆಯಬೇಕಾದ ವಾದವೇ. ಆದರೆ ಅದರ ನಡುವೆ ನಮ್ಮ ಕಣ್ಣಿಗೆ ಬೀಳಬೇಕಾದ ಇನ್ನೊಂದು ವಿಷಯವಿದೆ: ಯಂತ್ರಗಳು ಆ ನೀರನ್ನು ಎತ್ತಿ ಲಕ್ಷ್ಮೀಸಾಗರಕ್ಕೆ ಮುಟ್ಟಿಸಿದ ಮೇಲೆ, ಅಲ್ಲಿಂದ ಮುಂದಕ್ಕೆ ಅದು ಕೋಡಿಯಿಂದ ಕಾಲುವೆಗೆ, ಕಾಲುವೆಯಿಂದ ಮತ್ತೊಂದು ಕೆರೆಗೆ, ನೂರಾರು ವರ್ಷಗಳ ಹಿಂದಿನವರು ಕಂಡುಕೊಟ್ಟ ಅದೇ ಇಳಿಜಾರಿನಲ್ಲಿ ತಾನಾಗಿ ಹರಿಯತೊಡಗಿತು. ಅವರ ಓದು ತಪ್ಪಾಗಿರಲಿಲ್ಲ. ನಾವು ಪುಸ್ತಕವನ್ನು ಮುಚ್ಚಿಟ್ಟಿದ್ದೆವು.

ಅದನ್ನು ಮತ್ತೆ ತೆರೆಯತಕ್ಕವರು ನಮ್ಮ ಮಕ್ಕಳು. ಸ್ವಿಟ್ಜರ್ಲೆಂಡಿನ ಮಗು ಭೂಪಟವನ್ನು ಹಿಡಿದು ಕಾಡಿನಲ್ಲಿ ಓಡುವಂತೆ, ಅಂತರಗಂಗೆಯ ಬಂಡೆಗಳಲ್ಲಿ, ಆವನಿಯ ಬೆಟ್ಟದಲ್ಲಿ, ಟೇಕಲ್ಲಿನ ಗುಡ್ಡಗಳಲ್ಲಿ ನಮ್ಮ ಶಾಲೆಯ ಹುಡುಗ ಹುಡುಗಿಯರೂ ತಮ್ಮ ಊರಿನ ನಕ್ಷೆಯನ್ನು ಕೈಯಲ್ಲಿ ಹಿಡಿದು ಓಡಲಿ. ಓಡುತ್ತ ಯಾವ ಹಳ್ಳ ಯಾವ ಕೆರೆಗೆ ಸೇರುವುದೆಂಬುದನ್ನು ಕಾಲಿನಿಂದ ಕಲಿಯಲಿ. ಕಾಲುವೆಯಿದೆಯೆಂದು ನಕ್ಷೆ ತೋರಿಸಿದ ಜಾಗದಲ್ಲಿ ಕಾಲುವೆ ಕಾಣಿಸದಿದ್ದರೆ ಅಲ್ಲಿ ನಿಂತು, ಅದು ಎಲ್ಲಿಗೆ ಹೋಯಿತೆಂದು ಊರಿನ ಹಿರಿಯರನ್ನು ಕೇಳಲಿ. ವಾರನ್ನನೂ ಇದೇ ಸೀಮೆಯಲ್ಲಿ ಊರಿನವರನ್ನು ಕೇಳಿಯೇ ನಡೆದನು. ಹಾಗೆ ಕೇಳಿದಾಗ ಏರಿಯ ಮೇಲೆ ಕೈಯೆತ್ತಿ ಹಳೆಯ ಕಾಲುವೆಯ ಜಾಡನ್ನು ತೋರಿಸಬಲ್ಲ ನೀರಗಂಟಿಗಳ ಮನೆಯವರು ನಮ್ಮ ಹಳ್ಳಿಗಳಲ್ಲಿ ಇನ್ನೂ ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ, ಅವರಿರುವಾಗಲೇ ಕೇಳಬೇಕು.